ತಿದ್ದುಪಡಿಯ ಹಾಳೆ ಎಲ್ಲಿತ್ತು?

2024ರ ಅಕ್ಟೋಬರ್‌ನಲ್ಲಿ ವಿಜಯಪುರ ಜಿಲ್ಲೆಯ ಹೊನವಾಡದ ರೈತರ ಹೊಲಗಳೆಲ್ಲ ವಕ್ಫ್ ಪಾಲಾದವು ಎಂಬ ಸುದ್ದಿ ಹಬ್ಬಿದ ಮೇಲೆ ವಾರಗಟ್ಟಲೆ ಧರಣಿ, ಭಾಷಣ, ನಿಂದನೆಗಳು ನಡೆದವು. ಇಡೀ ಸಮುದಾಯವೇ ಭೂಗಳ್ಳರ ಗುಂಪೆಂಬಂತೆ ಚಿತ್ರಿತವಾಯಿತು. ಬಳಿಕ ಜಿಲ್ಲಾ ಉಸ್ತುವಾರಿ ಸಚಿವ ಎಂ.ಬಿ. ಪಾಟೀಲರು ನೀಡಿದ ವಿವರಣೆ ಇಷ್ಟೇ: ಸುಮಾರು 1,200 ಎಕರೆಯನ್ನು ಹೊನವಾಡದ ಹೆಸರಿನಲ್ಲಿ ನಮೂದಿಸಿದ್ದು 1974ರ ರಾಜ್ಯಪತ್ರದ ತಪ್ಪು, 1977ರಲ್ಲೇ ಅದನ್ನು ತಿದ್ದಲಾಗಿತ್ತು; ಆ ಊರಿನಲ್ಲಿ ವಕ್ಫ್‌ಗೆ ಸೇರಿದ್ದು ಸುಮಾರು 11 ಎಕರೆ, ಅದರಲ್ಲೂ ಬಹುಪಾಲು ಖಬರಸ್ಥಾನ.

ಹಾಗಾದರೆ 47 ವರ್ಷ ಆ ತಿದ್ದುಪಡಿಯ ಹಾಳೆ ಎಲ್ಲಿತ್ತು? ತಪ್ಪಿನ ಹಾಳೆ ಎಲ್ಲರ ಕೈಗೂ ಸಿಕ್ಕಿತು, ತಿದ್ದಿದ ಹಾಳೆ ಮಾತ್ರ ಬೇಕಾದ ಹೊತ್ತಿಗೆ ಯಾರ ಮೇಜಿನ ಮೇಲೂ ಇರಲಿಲ್ಲ. ರಾಜಕಾರಣಿಗಳು ಇದರ ಲಾಭ ಪಡೆದರೆಂಬುದು ಸತ್ಯ. ಆದರೆ ಅವರಿಗೆ ಅವಕಾಶ ಒದಗಿಸಿದ್ದು ಕಡತಗಳ ಕುರಿತ ನಮ್ಮೆಲ್ಲರ ಅಸಡ್ಡೆ.

ಇದು ದೂರದ ವಿಜಯಪುರದ ಕತೆಯೆಂದು ಕಮಲಾಪುರ, ಹೊಸಪೇಟೆಗಳ ಓದುಗರು ನಿರಾಳರಾಗಬೇಕಿಲ್ಲ. ನಮ್ಮ ಸ್ಥಿತಿ ಇನ್ನಷ್ಟು ಜಟಿಲ. ಬಳ್ಳಾರಿ ಸೀಮೆಯು ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಅದಕ್ಕೂ ಮುಂಚಿನ ಒಂದೂವರೆ ಶತಮಾನ ನಮ್ಮನ್ನಾಳಿದ್ದು ಮದ್ರಾಸು. ಆ ಕಾಲದ ಬೋರ್ಡ್ ಆಫ್ ರೆವಿನ್ಯೂ ಕಡತಗಳನ್ನು ನೋಡಬೇಕಾದರೆ ಚೆನ್ನೈನ ಎಗ್ಮೋರ್‌ನಲ್ಲಿರುವ ಪತ್ರಾಗಾರದ ಮೆಟ್ಟಿಲು ಹತ್ತಬೇಕು. ಸಂಡೂರು 1949ರವರೆಗೆ ಘೋರ್ಪಡೆ ಅರಸರ ಸಂಸ್ಥಾನ. 2021ರಲ್ಲಿ ವಿಜಯನಗರ ಜಿಲ್ಲೆ ಉದಯಿಸಿದಾಗ ಕಮಲಾಪುರ ಹೊಸ ಜಿಲ್ಲೆಗೆ ಬಂತು, ಸಂಡೂರು ಮತ್ತು ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಆಡಳಿತ ಬದಲಾದಂತೆಲ್ಲ ಕಡತಗಳ ಮನೆಯೂ ಬದಲಾಗುತ್ತದೆ; ಮನೆ ಬದಲಿಸುವಾಗ ಏನಾದರೊಂದು ಕಳೆದುಹೋಗುವುದು ಯಾವ ಗೃಹಿಣಿಗೆ ತಿಳಿಯದ ವಿಷಯ?

ಹಂಪಿಯಲ್ಲಿ ಇಮ್ಮಡಿ ದೇವರಾಯನ ಅಧಿಕಾರಿ ಅಹ್ಮದ್ ಖಾನ್ ಕಟ್ಟಿಸಿದ ಮಸೀದಿಯಿದೆ. 1439ರ ಶಾಸನ ಅದನ್ನು ಧರ್ಮಶಾಲೆ ಎನ್ನುತ್ತದೆ. ಕಟ್ಟಿಸಿದವನ ಹೆಸರು ಆರು ಶತಮಾನಗಳ ಬಳಿಕವೂ ನಮಗೆ ತಿಳಿದಿರುವುದು ಅದು ಕಲ್ಲಿನಲ್ಲಿರುವುದರಿಂದ. ಅಜ್ಜನ ಕಾಲದಲ್ಲಿ ಖಬರಸ್ಥಾನಕ್ಕೆ ಜಾಗ ಬಿಟ್ಟುಕೊಟ್ಟವರ ಹೆಸರನ್ನು ಕೇಳಿ ನೋಡಿ, ಎಷ್ಟು ಮೊಹಲ್ಲಾಗಳಲ್ಲಿ ಉತ್ತರ ಸಿಕ್ಕೀತು?

ರಾಜ್ಯ ಸರಕಾರ ‘ಭೂ ಸುರಕ್ಷಾ’ ಯೋಜನೆಯಡಿ 2024ರಲ್ಲಿ 31 ತಾಲೂಕುಗಳಿಂದ ಆರಂಭಿಸಿ ಕಂದಾಯ ಇಲಾಖೆಯ ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡಿಸುತ್ತಿದೆ. ಸ್ವಾಗತಾರ್ಹ ಕೆಲಸ. ಗೆದ್ದಲು, ತೇವ, ಬೆಂಕಿ ಮಾತ್ರವಲ್ಲ, ಹಾಳೆಯನ್ನೇ ಬದಲಿಸುವ ಕೈಗಳಿಂದಲೂ ಅದು ರಕ್ಷಣೆ ನೀಡಬಲ್ಲದು. ಆದರೆ ಸ್ಕ್ಯಾನ್ ಆದ ಮಾತ್ರಕ್ಕೆ ದಾಖಲೆ ಉಳಿಯಿತೆಂದು ಭಾವಿಸಲಾಗದು. ತಪ್ಪು ಸರ್ವೆ ನಂಬರಿನಡಿ ಸೇರಿಸಿದ ಚಿತ್ರ ಕಳೆದುಹೋದ ಕಾಗದಕ್ಕೆ ಸಮ. ಮಡಿಕೆ ಬಿಡಿಸದೆ ಚಿತ್ರ ತೆಗೆದ ಗ್ರಾಮ ನಕಾಶೆಯಲ್ಲಿ ವಿವಾದದ ಗಡಿಯೇ ಮಡಿಕೆಯೊಳಗೆ ಮರೆಯಾಗಬಹುದು. ಎಲ್ಲಕ್ಕಿಂತ ಮುಖ್ಯವಾಗಿ, 1974ರ ಅಧಿಸೂಚನೆಯನ್ನು ತೆರೆದವನಿಗೆ 1977ರದ್ದೂ ಒಟ್ಟಿಗೇ ಕಾಣುವಂತಿರಬೇಕು. ಇಲ್ಲವಾದರೆ ಗಣಕಯಂತ್ರವು ಹೊನವಾಡದ ತಪ್ಪನ್ನು ಇನ್ನಷ್ಟು ವೇಗವಾಗಿ ಹಂಚೀತು.

ಮೂಲ ಕಾಗದವನ್ನು ‘ಇನ್ನೇಕೆ’ ಎಂದು ಎಸೆಯುವುದಂತೂ ಅಪಾಯಕಾರಿ. 30 ವರ್ಷ ಹಳೆಯ ದಸ್ತಾವೇಜು ಸರಿಯಾದ ಸುಪರ್ದಿಯಿಂದ ನ್ಯಾಯಾಲಯಕ್ಕೆ ಬಂದರೆ ಅದರ ಸಹಿ, ಬರಹ ಅಸಲಿಯೆಂದು ಭಾವಿಸಲು ಸಾಕ್ಷ್ಯ ಕಾನೂನಿನಲ್ಲಿ ಅವಕಾಶವಿದೆ. 2023ರ ಹೊಸ ಸಾಕ್ಷ್ಯ ಅಧಿನಿಯಮದಲ್ಲೂ ಅದು ಉಳಿದಿದೆ.

ಸರಕಾರವನ್ನು ಪ್ರಶ್ನಿಸುವ ನಾವು ನಮ್ಮ ಮಸೀದಿಯ ಅಲ್ಮಾರಿನ ಬಾಗಿಲನ್ನೂ ತೆರೆಯಬೇಡವೇ? ಸಾಲದ ವ್ಯವಹಾರವನ್ನು ಬರೆದಿಡಿರೆಂದು ಆದೇಶಿಸುವ ವಚನವೇ ಕುರ್‌ಆನಿನ ಅತಿ ದೀರ್ಘ ವಚನ. ಅದನ್ನು ಓದುವ ಸಮುದಾಯದಲ್ಲಿ ವಕ್ಫ್‌ನಾಮೆಯು ಮುತವಲ್ಲಿಯ ಮನೆಯ ಟ್ರಂಕಿನಲ್ಲಿರುತ್ತದೆ. ಅವರು ತೀರಿಕೊಂಡರೆ ಮಕ್ಕಳಿಗೆ ಅದು ಯಾವ ಕಾಗದವೆಂದೇ ತಿಳಿದಿರುವುದಿಲ್ಲ. 2025ರ ಜೂನ್‌ನಲ್ಲಿ ಕೇಂದ್ರ ಸರಕಾರ ‘ಉಮೀದ್’ ಜಾಲತಾಣವನ್ನು ತೆರೆದು, ವಕ್ಫ್ ಆಸ್ತಿಗಳ ವಿವರ ತುಂಬಲು ಆರು ತಿಂಗಳ ಗಡುವು ವಿಧಿಸಿತು. ಆ ಕಾನೂನಿನ ಬಗೆಗಿನ ನಮ್ಮ ಆಕ್ಷೇಪಗಳು ಹಾಗೆಯೇ ಇವೆ. ಆದರೆ ಚಕ್ಕುಬಂದಿ ಕೇಳಿದಾಗ ಕೊಡಲು ಕಾಗದವಿಲ್ಲದಿದ್ದರೆ ಅದಕ್ಕೆ ದಿಲ್ಲಿಯನ್ನು ದೂರಲಾಗದು.

ಪ್ರತಿ ಜಮಾಅತ್‌ನಲ್ಲಿ ಓದು ಬಲ್ಲ ಇಬ್ಬರು ಯುವಕರು ಸಿಕ್ಕಿದರೆ ಸಾಕು. ಅಧಿಸೂಚನೆ, ಅದರ ತಿದ್ದುಪಡಿ, ಅಳತೆಯ ಟಿಪ್ಪಣಿ, ನಕಾಶೆ ಇವುಗಳ ದೃಢೀಕೃತ ನಕಲಿಗೆ ಅರ್ಜಿ ಹಾಕಲಿ. ಕಮಲಾಪುರದವರು ಹೊಸಪೇಟೆಯ ತಾಲೂಕು ಕಚೇರಿಯಿಂದ ಆರಂಭಿಸಬಹುದು. ಅಲ್ಲಿ ಇಲ್ಲವೆಂದರೆ, ಇಲ್ಲವೆಂಬುದನ್ನೂ ಬರವಣಿಗೆಯಲ್ಲಿ ಕೇಳಿ ಪಡೆಯಲಿ.