ಅಳತೆಗೆ ನಿಂತ ದೇಹ

ಭಾರತದಲ್ಲಿ ಫೋಟೋ-ಪರ್ಫಾರ್ಮೆನ್ಸ್ ಪ್ರಕಾರಕ್ಕೆ ನೆಲೆ ಒದಗಿಸಿದವರಲ್ಲಿ ಬೆಂಗಳೂರಿನ ಪುಷ್ಪಮಾಲಾ ಎನ್. ಪ್ರಮುಖರು. ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಡಗೂಡಿ 2000ರಿಂದ 2004ರವರೆಗೆ ರೂಪಿಸಿದ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ: ಮ್ಯಾನರ್ಸ್ ಅಂಡ್ ಕಸ್ಟಮ್ಸ್’ ಸರಣಿಯಲ್ಲಿ ರವಿವರ್ಮನ ಲಕ್ಷ್ಮಿಯಾಗಿ, ಪತ್ರಿಕಾ ಛಾಯಾಚಿತ್ರದ ಆರೋಪಿಯಾಗಿ, ಚೌಕುಳಿ ಪರದೆಯೆದುರು ಅಳತೆಗೆ ನಿಂತ ಬುಡಕಟ್ಟು ಸ್ತ್ರೀಯಾಗಿ ಅವರೇ ಕಾಣಿಸಿಕೊಂಡಿದ್ದಾರೆ.

ಗ್ಯಾಲರಿಯಲ್ಲಿ ನೋಡುಗರ ಗಮನ ಲಕ್ಷ್ಮಿಯ ಸೊಬಗಿನತ್ತ ಹರಿಯುವುದು ಸಹಜ. ಆದರೆ ಕೃತಿಯ ತಿರುಳಿರುವುದು ಚಿತ್ರೀಕರಣದ ಸಿದ್ಧತೆಯನ್ನೇ ತೋರುವ ‘ಪ್ರಕ್ರಿಯೆ’ಯ ಚಿತ್ರಗಳಲ್ಲಿ. ‘ಮಾದರಿ ಸ್ತ್ರೀ’ ಎಂಬುದು ಕಂಡದ್ದಲ್ಲ, ಕಟ್ಟಿದ್ದು ಎಂಬುದನ್ನು ಅವು ಬಯಲುಮಾಡುತ್ತವೆ. ಅಂಚಿನ ಸ್ತ್ರೀಯ ಭಂಗಿಯನ್ನು ನಗರದ ಕಲಾವಿದೆ ಧರಿಸುವುದು ಇನ್ನೊಂದು ಬಗೆಯ ವಶೀಕರಣವಲ್ಲವೇ ಎಂಬ ಆಕ್ಷೇಪವು ನ್ಯಾಯವಾದದ್ದೇ. ಅದಕ್ಕೆ ಉತ್ತರವಿರುವುದೂ ಈ ಚಿತ್ರಗಳಲ್ಲೇ. ಇವುಗಳನ್ನು ಕೈಬಿಟ್ಟರೆ ವಿಮರ್ಶೆ ಅಳಿದು ಅನುಕರಣೆಯಷ್ಟೇ ಉಳಿಯುತ್ತದೆ.

ಜನರನ್ನು ಉಪಕರಣಗಳಿಂದ ಅಳೆದ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ, ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳನ್ನು ಕುರಿತ ಏಳು ಸಂಪುಟಗಳನ್ನು ಆಕರವಾಗಿ ಬಳಸುವ ಕನ್ನಡ ಸಂಶೋಧನೆಗೂ ಈ ಮಾತು ಅನ್ವಯಿಸುತ್ತದೆ. ವಿವರವನ್ನು ಸ್ವೀಕರಿಸುವ ಮುನ್ನ ಅಳೆದವರು ಯಾರು, ಅಳತೆಗೆ ಒಳಗಾದವರು ಯಾರು ಎಂದು ಕೇಳುವುದು ಸಂಶೋಧಕನ ಮೊದಲ ಹೊಣೆ.