ಹೇಳಿದ ಮಗಳಿಗೇ ಶಿಕ್ಷೆಯೇ?

ಪಿಯುಸಿ ಓದುವ ಹುಡುಗಿಗೆ ಬಸ್ಸಿನಲ್ಲಿ ಒಬ್ಬ ದಿನಾ ಕಾಟ ಕೊಡುತ್ತಾನೆ. ಅವಳು ಧೈರ್ಯ ಮಾಡಿ ಉಮ್ಮನಲ್ಲಿ ಹೇಳುತ್ತಾಳೆ. ನಮ್ಮ ಎಷ್ಟೋ ಮನೆಗಳಲ್ಲಿ ಆಗ ಬರುವ ಮೊದಲ ಪ್ರಶ್ನೆ, “ನೀನು ಏನು ಮಾಡಿದ್ದೆ?” ಮರುದಿನ ಫೋನ್ ಕಪಾಟು ಸೇರುತ್ತದೆ. ಮತ್ತೆ ಕಾಲೇಜು ಬಿಡಿಸುವ ಮಾತು, ಅದರ ಹಿಂದೆಯೇ ಸಂಬಂಧ ನೋಡುವ ಮಾತು. ಕಾಟ ಕೊಟ್ಟವನು ಅದೇ ಬಸ್ಸಿನಲ್ಲಿ ಆರಾಮವಾಗಿ ಹೋಗಿ ಬರುತ್ತಾನೆ. ಸತ್ಯ ಹೇಳಿದವಳು ಮನೆಯಲ್ಲಿ ಕೂರುತ್ತಾಳೆ.

ಇದರಿಂದ ಅವಳು ಕಲಿಯುವ ಪಾಠ ಒಂದೇ: ಇನ್ನು ಏನನ್ನೂ ಹೇಳಬಾರದು. ನೋಡುತ್ತಾ ಕೂತ ತಂಗಿಯೂ ಅದನ್ನೇ ಕಲಿಯುತ್ತಾಳೆ. ಆಮೇಲೆ “ಈಗಿನ ಮಕ್ಕಳು ಎಲ್ಲ ಮುಚ್ಚಿಡ್ತಾರೆ” ಎಂದು ಮದುವೆ ಹಾಲ್‌ನಲ್ಲಿ ಕೂತು ದೂರುವವರೂ ನಾವೇ. ಮಗಳು ಬಾಗಿಲು ಹಾಕಿ ಕೂತರೆ “ಯಾರೋ ಇದ್ದಾರೆ” ಎಂಬ ಸಂಶಯ ನಮಗೆ. ಪರೀಕ್ಷೆಯ ಹೆದರಿಕೆ ಇರಬಹುದು, ಮುಟ್ಟಿನ ನೋವಿರಬಹುದು, ಗೆಳತಿ ಮಾತು ಬಿಟ್ಟಿರಬಹುದು ಎಂದು ಹೊಳೆಯುವುದೇ ಇಲ್ಲ.

ಹೆತ್ತವರಿಗೆ ಪ್ರೀತಿ ಇಲ್ಲ ಅಂತಲ್ಲ. ಮಗಳ ಹೆಸರು ಊರವರ ಬಾಯಿಗೆ ಬೀಳಬಾರದೆಂಬ ಭಯ ಅದು. ಬಾಪ ಗಲ್ಫ್‌ನಲ್ಲಿದ್ದರೆ ಉಮ್ಮನ ಹೊರೆ ಇನ್ನೂ ಜಾಸ್ತಿ. ಏನಾದರೂ ಆದರೆ ಕುಟುಂಬದವರೆಲ್ಲ ಬೆರಳು ತೋರಿಸುವುದು ಅವಳತ್ತಲೇ. ಆದರೆ ನಮ್ಮ ಈ ಭಯದಿಂದ ಲಾಭವಾಗುವುದು ಯಾರಿಗೆ? ಫೋಟೊ ಇಟ್ಟುಕೊಂಡು ಹುಡುಗಿಯನ್ನು ಬೆದರಿಸುವವನ ದೊಡ್ಡ ಆಯುಧವೇ “ನಿನ್ನ ಮನೆಗೆ ಹೇಳ್ತೇನೆ” ಎಂಬ ಮಾತು. “ಹೇಳು, ಮನೆಯಲ್ಲಿ ಎಲ್ಲ ಗೊತ್ತುಂಟು” ಎನ್ನಬಲ್ಲ ಹುಡುಗಿಯ ಮುಂದೆ ಅವನ ಬಲ ಅಲ್ಲೇ ಕುಸಿಯುತ್ತದೆ.

ಮಗಳು ಫಾತಿಮಾ ಬಂದಾಗ ಪ್ರವಾದಿ(ಸ)ರವರು ಎದ್ದು ನಿಂತು, ಕೈ ಹಿಡಿದು ತಮ್ಮ ಜಾಗದಲ್ಲಿ ಕೂರಿಸುತ್ತಿದ್ದರು. ಅನ್ಸಾರಿ ಮಹಿಳೆಯರು ಮುಟ್ಟಿನ ಶುದ್ಧಿಯ ಬಗ್ಗೆಯೂ ಅವರಲ್ಲಿ ಕೇಳಿದ್ದರು. ದೀನ್ ಕಲಿಯಲು ಅವರಿಗೆ ನಾಚಿಕೆ ಅಡ್ಡ ಬರಲಿಲ್ಲವೆಂದು ಆಯಿಶಾ(ರ) ಹೊಗಳಿದ್ದಾರೆ. ಮದೀನಾದಲ್ಲಿ ಕೇಳಬಹುದಾಗಿದ್ದ ಪ್ರಶ್ನೆಯನ್ನು ನಮ್ಮ ಅಡುಗೆಮನೆಯಲ್ಲಿ ಮಗಳು ಉಮ್ಮನಲ್ಲಿ ಕೇಳಬಾರದೇ?

ಮಗಳು ಮಾತು ತೆಗೆದರೆ ಮೊದಲು ಪೂರ್ತಿ ಕೇಳಿ. “ಹೇಳಿದ್ದು ಒಳ್ಳೆಯದಾಯ್ತು” ಅನ್ನಿ. ಬುದ್ಧಿಮಾತು ನಾಳೆ ಹೇಳಿದರೂ ನಡೆಯುತ್ತದೆ. ಕೆಟ್ಟ ಮೆಸೇಜ್ ಬಂದಿದ್ದರೆ ಅಳಿಸಬೇಡಿ, ಅದು ಸಾಕ್ಷಿ. ಗಲ್ಫ್‌ನಲ್ಲಿರುವ ಬಾಪಂದಿರು ವಾರಕ್ಕೊಮ್ಮೆಯಾದರೂ ಮಗಳ ಜೊತೆ ನೇರ ಮಾತನಾಡಲಿ, ಮಾರ್ಕ್ಸ್ ಬಿಟ್ಟು ಬೇರೇನಾದರೂ ಕೇಳಲಿ. ನಮ್ಮಿಂದ ಆಗದಿದ್ದರೆ ಮಕ್ಕಳ ಸಹಾಯವಾಣಿ 1098 ಉಂಟು, ಮನಸ್ಸಿನ ಕಷ್ಟಕ್ಕೆ ಟೆಲಿ ಮಾನಸ್‌ನ 14416 ಉಂಟು. ಹದಿಹರೆಯದವರಿಗಾಗಿ ಸರಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ. ಸಮಸ್ಯೆಗೆ ಮದುವೆಯೇ ಮದ್ದು ಎನ್ನುವವರು ಇದನ್ನೂ ನೆನಪಿಡಲಿ: 18 ತುಂಬದ ಹುಡುಗಿಯ ಮದುವೆ ಮಾಡಿಸುವುದು 2006ರ ಕಾಯ್ದೆಯಂತೆ ಅಪರಾಧ.

ಮಗಳು ತಪ್ಪೇ ಮಾಡಿರಬಹುದು. ಆಗಲೂ ಅದು ಮೊದಲು ಗೊತ್ತಾಗಬೇಕಾದದ್ದು ನಮಗೆ. “ಉಮ್ಮಾ, ಒಂದು ವಿಷಯ ಹೇಳ್ಲಿಕ್ಕುಂಟು” ಎಂದು ಅವಳು ಬಂದರೆ, ಕೈಯಲ್ಲಿರುವ ಕೆಲಸ ಬಿಟ್ಟು ಕೂತುಕೊಳ್ಳೋಣ. ನಾವು ಕೇಳದಿದ್ದರೆ, ಕೇಳಲು ಹೊರಗೆ ಬೇರೆಯವರು ಕಾಯುತ್ತಿದ್ದಾರೆ.