ಮಾಂಸ ಮೊದಲು, ಕೊಂಬು ಆಮೇಲೆ



ಕ್ರಿಸ್ಮಸ್ ಶುಭಾಶಯ ಪತ್ರಗಳಲ್ಲಿ ಸಾಂತಾಕ್ಲಾಸ್‌ನ ಬಂಡಿ ಎಳೆಯುವ ಕವಲುಗೊಂಬಿನ ಪ್ರಾಣಿ ನಮ್ಮ ಮನೆಯ ಚಿಕ್ಕ ಮಕ್ಕಳಿಗೂ ಗೊತ್ತು. ಅದು ಹಿಮಸಾರಂಗ. ಉತ್ತರ ಅಮೆರಿಕದಲ್ಲಿ ಯಾರ ಸಾಕಣೆಗೂ ಸಿಗದೆ ಹಿಂಡುಹಿಂಡಾಗಿ ಅಲೆಯುವ ಅದೇ ಜಾತಿಗೆ ಕ್ಯಾರಿಬೂ ಎಂದು ಹೆಸರು. ನಮ್ಮ ಮಸಾಲೆ ಡಬ್ಬಿಯ ಕಲ್ಲುಹೂವಿನ ಬಳಗಕ್ಕೆ ಸೇರಿದ್ದೇ ಚಳಿಗಾಲದಲ್ಲಿ ಅದರ ಮುಖ್ಯ ಮೇವು. ಈ ಜಾತಿಯಲ್ಲಿ ಹೆಣ್ಣಿಗೂ ಕೊಂಬುಂಟು. ದೊಡ್ಡ ಗಂಡುಗಳ ಕೊಂಬು ಚಳಿಗಾಲದ ಆರಂಭದಲ್ಲೇ ಉದುರಿಹೋಗುತ್ತದೆ. ಬಸುರಿ ಹೆಣ್ಣಿನ ಕೊಂಬು ಮಾತ್ರ ಮರಿ ಹಾಕುವ ಕಾಲದವರೆಗೂ ಉಳಿಯುತ್ತದೆ. ಹಿಮ ಕೆದರಿ ತೋಡಿದ ಮೇವಿನ ಗುಂಡಿಯನ್ನು ಬೇರೆಯವು ಕಸಿದುಕೊಳ್ಳದಂತೆ ಕಾಯಲು ತಾಯಿಗೆ ಅದು ಬೇಕು. ಸೃಷ್ಟಿಕರ್ತನ ಲೆಕ್ಕ ಎಷ್ಟು ಚೊಕ್ಕ!

ಈ ಪ್ರಾಣಿಯನ್ನು ಬಿಲ್ಲುಬಾಣದಿಂದ ಬೇಟೆಯಾಡಲು ಪ್ರತಿವರ್ಷ ಆಗಸ್ಟ್, ಸೆಪ್ಟೆಂಬರ್ ತಿಂಗಳಲ್ಲಿ ಜನ ಅಲಾಸ್ಕಾದ ಬ್ರೂಕ್ಸ್ ಪರ್ವತಶ್ರೇಣಿಗೆ ಹೋಗುತ್ತಾರೆ. ಪಾದ್ರಿ ಬೇಟೆಯ ಬಗ್ಗೆ ಬರೆಯುವುದೇ ಎಂದು ಕೆಲವರು ಹುಬ್ಬೇರಿಸಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ನಮ್ಮ ದೇಶದಲ್ಲಿ ಕಾಡುಪ್ರಾಣಿಯ ಬೇಟೆ ಅಪರಾಧ, ಅದು ಹಾಗೆಯೇ ಇರಲಿ. ಆದರೆ ಅಲ್ಲಿನ ಬೇಟೆಯ ನಿಯಮಗಳಲ್ಲಿ ನಮ್ಮ ಕುಟುಂಬಗಳಿಗೂ ಒಂದು ಪಾಠ ಇದೆ.

ಆ ಪರ್ವತಗಳನ್ನು ದಾಟಿ ಉತ್ತರಕ್ಕೆ ಹೋಗುವುದು ಡಾಲ್ಟನ್ ಹೆದ್ದಾರಿ ಎಂಬ ಒಂದೇ ರಸ್ತೆ. 1974ರಲ್ಲಿ ತೈಲದ ಕೊಳವೆ ಮಾರ್ಗಕ್ಕಾಗಿ ಕಟ್ಟಿದ್ದು, ಉದ್ದ ಸುಮಾರು 666 ಕಿಲೋಮೀಟರ್. ಕೋಲ್ಡ್‌ಫುಟ್ ಎಂಬಲ್ಲಿ ಪೆಟ್ರೋಲ್ ಹಾಕಿಸಿದರೆ ಮುಂದಿನ ಸುಮಾರು 385 ಕಿಲೋಮೀಟರ್ ಅಂಗಡಿಯಿಲ್ಲ, ಬಂಕ್ ಇಲ್ಲ. ಆ ನಡುವೆ ಸುಮಾರು 1,440 ಮೀಟರ್ ಎತ್ತರದ ಅಟಿಗನ್ ಕಣಿವೆದಾರಿಯನ್ನು ಹತ್ತಿ ಇಳಿಯಬೇಕು. ಆಗಸ್ಟ್‌ನಲ್ಲೂ ಹಿಮ ಬೀಳುವುದುಂಟು. ಯೂಕಾನ್ ನದಿಯಿಂದ ಉತ್ತರಕ್ಕೆ ಈ ರಸ್ತೆಯ ಎರಡೂ ಬದಿ ಐದೈದು ಮೈಲಿಯೊಳಗೆ ಬೇಟೆಗೆಂದು ಬರುವವರು ಬಂದೂಕು ಬಳಸುವಂತಿಲ್ಲ, ಬಿಲ್ಲು ಮಾತ್ರ. ಅದಕ್ಕೂ ಮೊದಲೇ ತರಬೇತಿ ಪಡೆದು ಪ್ರಮಾಣಪತ್ರ ತಂದಿರಬೇಕು.

ಬಂದೂಕಿನವನು ದೂರದಿಂದಲೇ ಹೊಡೆಯಬಹುದು. ಬಿಲ್ಲಿನವನು ಮೂವತ್ತು ನಲವತ್ತು ಮೀಟರಿನಷ್ಟು ಹತ್ತಿರ ಹೋಗಬೇಕು. ಮರಗಿಡವಿಲ್ಲದ ಬಯಲು, ಅಡಗಲು ಜಾಗವಿಲ್ಲ. ಗಾಳಿ ತನ್ನ ಮುಖಕ್ಕೆ ಬೀಸುವಂತೆ ನೋಡಿಕೊಂಡು, ಒದ್ದೆ ನೆಲದ ಮೇಲೆ ತೆವಳುತ್ತಾ ಸಾಗಬೇಕು. ಗಾಳಿ ಒಮ್ಮೆ ದಿಕ್ಕು ಬದಲಿಸಿದರೆ ಅರ್ಧ ದಿನದ ಪಾಡು ನೀರುಪಾಲು. ನಡೆಯುತ್ತಿರುವ ಕ್ಯಾರಿಬೂವನ್ನು ಹಿಂದೆ ಓಡಿ ಹಿಡಿಯುವವರಿಲ್ಲ. ಅದು ಬರುವ ದಾರಿಯಲ್ಲಿ ಮೊದಲೇ ಹೋಗಿ ಕಾಯಬೇಕು. ಎದುರಿಗೆ ಬಂದರೂ ಬಾಣ ನೇರ ಶ್ವಾಸಕೋಶಕ್ಕೆ ತಗಲುವ ಹಾಗೆ ನಿಂತಿಲ್ಲವೆಂದರೆ ಒಳ್ಳೆಯ ಬೇಟೆಗಾರ ಎಳೆದ ಹೆದೆಯನ್ನು ಸಡಿಲಿಸುತ್ತಾನೆ. ಪ್ರಾಣಿ ಗಾಯಗೊಂಡು ಎಲ್ಲೋ ನರಳಿ ಸಾಯುವುದಕ್ಕಿಂತ ತಾನು ಬರಿಗೈಯಲ್ಲಿ ಮನೆಗೆ ಹೋಗುವುದೇ ಲೇಸೆಂದು ಅವನಿಗೆ ಗೊತ್ತು. ಎಷ್ಟೋ ಜನ ಹಾಗೆಯೇ ಮರಳುತ್ತಾರೆ.

ಪವಿತ್ರ ಗ್ರಂಥದಲ್ಲಿ ಮುದಿ ಇಸಾಕನು ಏಸಾವನನ್ನು ಬಿಲ್ಲು ಬತ್ತಳಿಕೆ ತೆಗೆದುಕೊಂಡು ಬೇಟೆಗೆ ಹೋಗೆಂದು ಕಳುಹಿಸಿದ್ದು ನಿಮಗೆ ನೆನಪಿರಬಹುದು. ಅಷ್ಟರಲ್ಲಿ ಯಕೋಬನು ಮನೆಯ ಆಡುಮರಿಯ ಅಡಿಗೆ ತಂದಿಟ್ಟ. ಆಗ ಕಣ್ಣು ಕಾಣದ ತಂದೆ ಕೇಳಿದ್ದೇನು? ಬೇಟೆ ಇಷ್ಟು ಬೇಗ ಹೇಗೆ ಸಿಕ್ಕಿತು ಎಂದು. ಬಿಲ್ಲಿನ ಬೇಟೆ ಅವಸರದಲ್ಲಿ ಆಗುವುದಲ್ಲ ಎಂದು ಆ ಮುದುಕನಿಗೆ ಗೊತ್ತಿತ್ತು. ಬೆವರಿಲ್ಲದೆ ಬೇಗ ಬಂದದ್ದರ ಬಗ್ಗೆ ಹೆತ್ತವರು ಹೀಗೆ ಕೇಳಿ ತಿಳಿಯುವುದು ಇಂದಿಗೂ ಒಳ್ಳೆಯದು.

ಪ್ರಾಣಿ ಬಿದ್ದ ಮೇಲೆ ನಿಜವಾದ ಕೆಲಸ ಆರಂಭವಾಗುತ್ತದೆ. ದೊಡ್ಡ ಗಂಡಿನ ತೂಕ 160ರಿಂದ 180 ಕಿಲೋ. ತಿನ್ನಬಹುದಾದ ಮಾಂಸವನ್ನು ಬಿಟ್ಟುಬರುವುದು ಅಲಾಸ್ಕಾದ ಕಾನೂನಿನಲ್ಲಿ ಅಪರಾಧ. ಅದಕ್ಕೆ ಜೈಲುಶಿಕ್ಷೆಯೂ ಉಂಟು. ಕಾಲು, ಪಕ್ಕೆ, ಕುತ್ತಿಗೆ, ಬೆನ್ನು ಎಲ್ಲವನ್ನೂ ಬೆನ್ನಿಗೇರಿಸಿ ಉಬ್ಬುತಗ್ಗಿನ ಜವುಗು ನೆಲದಲ್ಲಿ ಹಲವು ಬಾರಿ ಹೋಗಿಬಂದು ಸಾಗಿಸಬೇಕು. ಅಷ್ಟರಲ್ಲಿ ಕರಡಿ ವಾಸನೆ ಹಿಡಿದು ಬಂದರೂ ಬರಬಹುದು. ಇಲ್ಲೇ ಆ ಸುಂದರ ನಿಯಮ ಬರುತ್ತದೆ: ಮಾಂಸಕ್ಕಿಂತ ಮೊದಲು ಕೊಂಬನ್ನು ಅಲ್ಲಿಂದ ಒಯ್ಯುವಂತಿಲ್ಲ. ಕೊನೆಯ ಹೊರೆಯ ಜೊತೆಗೆ ಮಾತ್ರ ಕೊಂಬು. ಗೋಡೆಗೆ ತೂಗುಹಾಕುವ ಅಲಂಕಾರಕ್ಕಾಗಿ ಒಂದು ಜೀವವನ್ನು ಕೊಂದು ಕೊಳೆಯಲು ಬಿಟ್ಟು ಬರಬೇಡ ಎಂಬುದು ಇದರ ಅರ್ಥ.

ಏಕೆಂದರೆ ಆ ಮಾಂಸ ಅಲ್ಲಿ ಬದುಕಿನ ಪ್ರಶ್ನೆ. ಅದೇ ಪರ್ವತಗಳ ನಡುವೆ ಅನಕ್ತುವುಕ್ ಪಾಸ್ ಎಂಬ ಊರಿದೆ. ಅಲ್ಲಿನ ನುನಾಮಿಯುತ್ ಜನರಿಗೆ ತಲೆತಲಾಂತರದಿಂದ ಕ್ಯಾರಿಬೂವೇ ಅನ್ನ, ಬಟ್ಟೆ, ಡೇರೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹಿಂಡುಗಳು ಕುಸಿದಾಗ ಅವರು ಬೆಟ್ಟ ಬಿಟ್ಟು ಸಮುದ್ರತೀರಕ್ಕೆ ಇಳಿಯಬೇಕಾಯಿತು. 1930ರ ದಶಕದ ಕೊನೆಗೆ ಕೆಲವು ಕುಟುಂಬಗಳು ಮರಳಿದವು. ಈಗ ಮತ್ತೆ ಆತಂಕ. ಒಂದು ಕಾಲಕ್ಕೆ ಅಲಾಸ್ಕಾದ ಅತಿ ದೊಡ್ಡ ಹಿಂಡಾಗಿದ್ದ ಪಶ್ಚಿಮ ಆರ್ಕ್ಟಿಕ್ ಹಿಂಡಿನಲ್ಲಿ 2003ರಲ್ಲಿ ಸುಮಾರು 4,90,000 ಪ್ರಾಣಿಗಳಿದ್ದವು. 2023ರ ಎಣಿಕೆಯಲ್ಲಿ ಸುಮಾರು 1,52,000. ಕಾರಣಗಳು ಹಲವು. ಹವೆ ಬಿಸಿಯಾಗಿ ಚಳಿಗಾಲದಲ್ಲಿ ಮಳೆ ಸುರಿದರೆ ಆ ನೀರು ಹೆಪ್ಪುಗಟ್ಟಿ ಮೇವಿನ ಮೇಲೆ ಮಂಜುಗಡ್ಡೆಯ ಮುಚ್ಚಳ ಬೀಳುವುದೂ ಅವುಗಳಲ್ಲೊಂದು. ಎಲ್ಲೋ ಸುಟ್ಟ ಎಣ್ಣೆಗೆ ಇನ್ನೆಲ್ಲೋ ಒಂದು ತಾಯಿಪ್ರಾಣಿ ಹಸಿಯುತ್ತದೆ. 2015ರಲ್ಲಿ ಪೋಪ್ ಫ್ರಾನ್ಸಿಸ್ ‘ಲೌದಾತೊ ಸೀ’ ಪತ್ರದಲ್ಲಿ ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡಿದೆ ಎಂದು ನಮಗೆ ನೆನಪಿಸಿದ್ದು ಇದನ್ನೇ.

ಧರ್ಮಸಭೆ ಬೇಟೆಗಾರರಿಗೂ ಒಬ್ಬ ಪಾಲಕ ಸಂತರನ್ನು ಕೊಟ್ಟಿದೆ: ಸಂತ ಹ್ಯೂಬರ್ಟ್. ಶುಭ ಶುಕ್ರವಾರದಂದು ಬೇಟೆಗೆ ಹೊರಟ ಅವರಿಗೆ ಸಾರಂಗದ ಕೊಂಬುಗಳ ನಡುವೆ ಶಿಲುಬೆ ಕಂಡಿತೆಂದು ಐತಿಹ್ಯ. ಮುಂದೆ ಅವರು ಲಿಯೇಜ್‌ನ ಬಿಷಪರಾಗಿ 727ರಲ್ಲಿ ತೀರಿಕೊಂಡರು. ನವೆಂಬರ್ 3 ಅವರ ಹಬ್ಬ. ಹೆಮ್ಮೆಯ ಗುರುತಾಗಿ ಗೋಡೆಗೇರಬೇಕಿದ್ದ ಕೊಂಬಿನಲ್ಲಿ ಅವರಿಗೆ ಕಂಡದ್ದು ಕ್ರಿಸ್ತನ ಬಲಿ. ಬೇಟೆಯಾಡಿದ ಪ್ರಾಣಿಯ ರಕ್ತವನ್ನು ನೆಲಕ್ಕೆ ಸುರಿದು ಮಣ್ಣು ಮುಚ್ಚಬೇಕೆಂದು ಯಾಜಕಕಾಂಡ ವಿಧಿಸುತ್ತದೆ. ಜೀವ ಸರ್ವೇಶ್ವರನದು, ಬೇಟೆಗಾರನದಲ್ಲ ಎಂಬ ಅರಿವು ಅದರ ಹಿಂದಿದೆ.

ನಮ್ಮ ಮನೆಗಳಲ್ಲಿ ಕ್ಯಾರಿಬೂ ಇಲ್ಲ, ಆದರೆ ಕೊಂಬು ಇದೆ. ಮದುವೆಯಲ್ಲಿ ವಿಡಿಯೋ, ಮಂಟಪ, ಹದಿನೆಂಟು ಬಗೆಯ ಭಕ್ಷ್ಯ ಮೊದಲು. ವಧೂವರರ ಪಾಪನಿವೇದನೆ, ಸಿದ್ಧತೆ ಆಮೇಲೆ. ಮೊದಲ ಪರಮಪ್ರಸಾದದ ಮಗುವಿಗೆ ಉಡುಪು, ಫೋಟೋ ಮೊದಲು, ಪ್ರಾರ್ಥನೆ ಆಮೇಲೆ. ಊಟ ಮುಗಿದ ಮೇಲೆ ಪಂದಿಯಷ್ಟು ಅನ್ನ, ಮಾಂಸ ಗುಂಡಿಗೆ ಬೀಳುತ್ತದೆ. ಸಾಲ ಮಾತ್ರ ತಂದೆಯ ಹೆಗಲ ಮೇಲೆ ವರ್ಷಗಟ್ಟಲೆ ಉಳಿಯುತ್ತದೆ. ತಟ್ಟೆಗೆ ಬಂದ ಕೋಳಿಗೂ ಒಂದು ಜೀವವಿತ್ತು, ಅಕ್ಕಿಗೂ ಒಬ್ಬರ ಬೆವರಿತ್ತು.

ಮುಂದಿನ ಸಮಾರಂಭಕ್ಕೆ ಪಟ್ಟಿ ಬರೆಯಲು ಮನೆಯವರೆಲ್ಲ ಕುಳಿತಾಗ ಇದು ಮಾಂಸವೋ ಕೊಂಬೋ ಎಂದು ಪ್ರತಿಯೊಂದು ಸಾಲಿಗೂ ಕೇಳಿಕೊಳ್ಳಿ. ಉಳಿದ ಊಟ ಯಾರ ಮನೆಗೆ ಹೋಗಬೇಕೆಂದು ಅಡಿಗೆಗೆ ಮೊದಲೇ ಗೊತ್ತುಮಾಡಿ. ಕೊಂಬು ಬೇಡವೆಂದು ನಾನು ಹೇಳುವುದಿಲ್ಲ. ಹಬ್ಬಕ್ಕೆ ಸಡಗರ ಬೇಕು. ಕೊನೆಯ ಹೊರೆಯಲ್ಲಿ ಅದಕ್ಕೂ ಜಾಗವಿದೆ.

ದೇವರು ನಿಮ್ಮ ಕುಟುಂಬವನ್ನು ಆಶೀರ್ವದಿಸಲಿ.